ಮೇಷ್ಟ್ರ ಕಡೆಯ ಬ್ರೇಕು

ನಮ್ಮ ಬ್ರೇಕ್ ಮೇಷ್ಟ್ರಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ‘ಇಲ್ಲ’ ಎನ್ನುವ ಒಂದು ಮಾತನ್ನು ಮಾತ್ರ ಬಾಯಿಗೆ ಹಾಕಲು ಮರೆತು ಕಾಲಿಗೆ ಹಾಕಿಬಿಟ್ಟಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೇಷ್ಟ್ರು ಕಾರು ಕಲಿಸುವವರು. ಕಲಿಸುವ ಕಾರಿನಲ್ಲಿ ಎರಡು ಬ್ರೇಕು ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಕಲಿಯುವವರು ದೀಪದ ಕಂಬವನ್ನು ಅಪ್ಪಿಕೊಳ್ಳಲು ಹೊರಟಾಗ ಮೇಷ್ಟ್ರು ತಮ್ಮ ಕಡೆಯ ಬ್ರೇಕನ್ನು ಒತ್ತಿ ಕಂಬದ ಮಾನ ಉಳಿಸುತ್ತಾರೆ. ವರ್ಷಗಟ್ಟಲೆ ಹೀಗೆ ಒತ್ತಿ ಒತ್ತಿ ಅವರ ಬಲಗಾಲು ಸ್ವತಂತ್ರವಾಗಿಬಿಟ್ಟಿತ್ತು. ಕ್ಷೌರದಂಗಡಿಯಲ್ಲಿ ಕತ್ತಿ ಕುತ್ತಿಗೆಯ ಹತ್ತಿರ ಬಂದರೆ ಕಾಲು ನೆಲ ಒತ್ತುತ್ತಿತ್ತು. ಸಿನಿಮಾದಲ್ಲಿ ನಾಯಕ ಗಾಡಿಯನ್ನು ವೇಗವಾಗಿ ಓಡಿಸಿದರೆ ಮುಂದಿನ ಸೀಟಿನವರಿಗೆ ಬೆನ್ನುನೋವು ಬರುತ್ತಿತ್ತು.

ಬಾಯಿಯ ಕಥೆಯೇ ಬೇರೆ. ಯಾರು ಏನು ಕೇಳಿದರೂ ಅದರಿಂದ ಬರುತ್ತಿದ್ದದ್ದು ‘ಆಗಲಿ’ ಎಂಬ ಒಂದೇ ಮಾತು. ತಲೆಯಲ್ಲಿ ಒಂದು ಕೂದಲೂ ಇಲ್ಲದ ಅವರ ಮನೆಯ ಸ್ನಾನದ ಕೋಣೆಯಲ್ಲಿ ತಲೆಗೆ ಹಚ್ಚುವ ಬಣ್ಣದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಮಾರಲು ಬಂದ ಹುಡುಗ ಬಿಸಿಲಲ್ಲಿ ಬಂದಿದ್ದನಂತೆ.

ನನ್ನದು ಅವರ ಆಫೀಸಿನ ಪಕ್ಕದ ಜೆರಾಕ್ಸ್ ಅಂಗಡಿ. ಮಧ್ಯೆ ಇರುವುದು ಪ್ಲೈವುಡ್ ಗೋಡೆ. ಅಲ್ಲಿ ಆಡಿದ ಮಾತು ಇಲ್ಲಿ ಕಿವಿಗೊಡದೆಯೂ ಕೇಳಿಸುತ್ತದೆ. ಆದರೂ ನಾನು ಕಿವಿಗೊಡುತ್ತೇನೆ, ಅರ್ಧಂಬರ್ಧ ಕೇಳಿ ಇನ್ನೊಬ್ಬರ ಬಗ್ಗೆ ಮಾತಾಡುವುದು ನನಗೆ ಸೇರುವುದಿಲ್ಲ.

ಎಲ್ಲ ಶುರುವಾದದ್ದು ಹೈಸ್ಕೂಲಿನ ದೊಡ್ಡ ಮೇಡಂ ಕಾರು ಕಲಿಯಲು ಬಂದಾಗ. ಒಂದು ಬೆಳಿಗ್ಗೆ ಅವರು ತಿರುವಿನಲ್ಲಿ ನೇರವಾಗಿ ನೀರಿನ ಟ್ಯಾಂಕರಿನ ಮೂತಿಗೆ ಕಾರು ತಿರುಗಿಸಿದರಂತೆ. ಮೇಷ್ಟ್ರ ಕಾಲು ತನ್ನ ಕೆಲಸ ಮಾಡಿತು. ಪ್ರಾಣಭಯದಲ್ಲಿ ಕಣ್ಣು ಮುಚ್ಚಿದ ಮೇಷ್ಟ್ರ ಬಾಯಿಂದ “ಬೇಡ, ಬೇಡ, ಬೇಡ” ಎಂದು ಹೊರಟಿತು. ಅದು ಟ್ಯಾಂಕರಿಗೆ ಹೇಳಿದ್ದೋ ಯಮನಿಗೆ ಹೇಳಿದ್ದೋ ಅವರಿಗೇ ಗೊತ್ತಿಲ್ಲ. ದೊಡ್ಡ ಮೇಡಂ ಅದನ್ನು ತಮಗೇ ಹೇಳಿದ್ದೆಂದು ತಿಳಿದು ರೋಮಾಂಚನಗೊಂಡರು.

“ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನ ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅಂದವರು ನೀವೊಬ್ರೇ,” ಎಂದರು ಕಾರನ್ನು ಬದಿಗೆ ನಿಲ್ಲಿಸಿ. “ನಮ್ಮ ಮಕ್ಕಳಿಗೆ ಬೇಕಾಗಿರೋದು ಇದೇ. ಮೊನ್ನೆ ಸ್ಕೂಲಿನ ಬಾತ್‌ರೂಮಿನಲ್ಲಿ ಫ್ಲಶ್ ಟ್ಯಾಂಕಿನ ಹಿಂದೆ ನಶೆ ಮಾತ್ರೆ ಸಿಕ್ತು. ವಿಚಾರಿಸಿದ್ರೆ ಯಾರಿಗೂ ಅದು ಬೇಕಾಗಿರಲಿಲ್ಲ. ಸ್ನೇಹಿತರು ತಗೋ ಅಂದ್ರು, ಬೇಡ ಅನ್ನೋಕಾಗದೆ ತಗೊಂಡ್ವಿ ಅಂತಾರೆ. ಬೇಡ ಅನ್ನೋದು ಹೇಗೆ ಅಂತ ನೀವು ಬಂದು ಒಂದು ಭಾಷಣ ಮಾಡ್ಬೇಕು.”

“ಆಗಲಿ ಮೇಡಂ,” ಎಂದಿತು ಬಾಯಿ. ಕಾಲು ಬ್ರೇಕನ್ನು ಬಲವಾಗಿ ಒತ್ತಿತು. ಆದರೆ ಕಾರು ಆಗಲೇ ನಿಂತಿತ್ತು.

ಕರಪತ್ರದ ಪ್ರತಿ ತೆಗೆಸಲು ದೊಡ್ಡ ಮೇಡಂ ನನ್ನ ಅಂಗಡಿಗೇ ಬಂದರು. ‘ಇಲ್ಲ ಎನ್ನುವುದು ಹೇಗೆ? ಮಾತನಾಡುವವರು: ಯಾರಿಗೂ ಬಗ್ಗದ ಗಟ್ಟಿ ಮನುಷ್ಯ’ ಎಂದು ಬರೆದು ಕೆಳಗೆ ಮೇಷ್ಟ್ರ ಫೋಟೋ ಹಾಕಿದ್ದರು. ಫೋಟೋ ತಪ್ಪಾಗಿದೆ ಎಂದು ಹೇಳಬೇಕೆನಿಸಿತು. ಆದರೆ ಗಿರಾಕಿಯ ಕಾಗದವನ್ನು ತಿದ್ದುವುದು ಜೆರಾಕ್ಸಿನವನ ಧರ್ಮವಲ್ಲ.

ಕರಪತ್ರ ಬೀದಿಯಲ್ಲಿ ಹಾರಾಡಿದ್ದೇ ತಡ, ಇಲ್ಲ ಎನ್ನಲಾಗದ ಜನರೆಲ್ಲ ಮೇಷ್ಟ್ರ ಬಾಗಿಲಿಗೆ ಬಂದರು. ಮೊದಲು ಹೋದವನು ನಾನೇ. ನಾನು ಮಲಗುವುದೂ ಅಂಗಡಿಯ ಹಿಂದಿನ ಕೋಣೆಯಲ್ಲೇ, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ತುತ್ತೂರಿ ತಾತ ಇದ್ದಾರೆ. ಬ್ಯಾಂಡಿನಲ್ಲಿ ತುತ್ತೂರಿ ಊದಿ ನಿವೃತ್ತರಾದವರು. ಆದರೆ ತುತ್ತೂರಿಗೆ ನಿವೃತ್ತಿಯಾಗಿರಲಿಲ್ಲ. ಸೂರ್ಯನಿಗಿಂತ ಮುಂಚೆ ಅದು ಏಳುತ್ತಿತ್ತು, ಅದರ ಜೊತೆ ನಾವೂ ಏಳುತ್ತಿದ್ದೆವು.

“ಮೇಷ್ಟ್ರೇ, ತಾತನಿಗೆ ಹೇಳಿ. ಬೆಳಗಿನ ಹೊತ್ತು ಊದಬಾರದು ಅಂತ ಖಂಡಿತವಾಗಿ ಹೇಳಿ,” ಎಂದೆ. ಕರಪತ್ರ ಸುಳ್ಳೆಂದು ಗೊತ್ತಿದ್ದೂ ಹೇಳಿದೆ. ಅಚ್ಚಾದ ಅಕ್ಷರಕ್ಕೆ ಅಂಥ ಶಕ್ತಿ ಇದೆ.

“ಆಗಲಿ ಜೆರಾಕ್ಸಣ್ಣ,” ಎಂದ ಮೇಷ್ಟ್ರು ಮರುದಿನ ಬೆಳಗಿನ ಜಾವವೇ ಮೆಟ್ಟಿಲು ಹತ್ತಿದರು.

ಸ್ವಲ್ಪ ಹೊತ್ತಿನಲ್ಲಿ ತುತ್ತೂರಿ ನಿಂತಿತು. ಮನುಷ್ಯನಲ್ಲಿ ನಿಜಕ್ಕೂ ಏನೋ ಇದೆ ಎಂದುಕೊಂಡು ಚಾದರ ಎಳೆದುಕೊಂಡೆ. ಕಣ್ಣು ಹತ್ತುವಷ್ಟರಲ್ಲಿ ತುತ್ತೂರಿ ಮತ್ತೆ ಶುರುವಾಯಿತು. ಈ ಸಲ ಎರಡು. ಒಂದು ಎಂದಿನದು, ಇನ್ನೊಂದು ಗಂಟಲು ಕಟ್ಟಿದ ಕರು ತಾಯನ್ನು ಕರೆದಂತೆ. ಮೇಷ್ಟ್ರು ಕೆಳಗೆ ಬಂದಾಗ ಕಂಕುಳಲ್ಲಿ ಹಳೆಯ ತುತ್ತೂರಿ ಇತ್ತು.

“ಇದೇನು ಮೇಷ್ಟ್ರೇ?”

“ತಾತನಿಗೆ ಶಿಷ್ಯರೇ ಇಲ್ವಂತೆ. ವಿದ್ಯೆ ತನ್ನ ಜೊತೆಗೇ ಹೋಗುತ್ತೆ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು.”

“ಮತ್ತೆ ನನ್ನ ನಿದ್ದೆ?”

“ನಾಳೆಯಿಂದ ಮೆತ್ತಗೆ ಊದ್ತೀವಿ,” ಎಂದರು ಮೇಷ್ಟ್ರು, ಬಹಳ ದೈನ್ಯದಿಂದ.

ಎದುರುಮನೆಯಾಕೆಯದು ಇನ್ನೊಂದು ಕಥೆ. ಅವರ ಅಕ್ಕ ಮನೆ ಬದಲಾಯಿಸುವಾಗ ಆನೆ ಗಾತ್ರದ ಬೀರುವೊಂದನ್ನು ತಂಗಿಯ ತಲೆಗೆ ಕಟ್ಟಲು ನೋಡುತ್ತಿದ್ದರು. ಬೇಡವೆಂದು ಹೇಳಿ ಬರಲು ಮೇಷ್ಟ್ರನ್ನು ಕಳಿಸಿದರು. ಸಂಜೆಗೆ ಆ ಬೀರು ಮೇಷ್ಟ್ರ ಮನೆಯ ಹಾಲಿನಲ್ಲಿತ್ತು. ಅದರ ಬಾಗಿಲಿಗೆ ಚಿಲಕವಿಲ್ಲ. ಯಾರು ಪಕ್ಕದಲ್ಲಿ ನಡೆದರೂ ಕಿರ್ರೆಂದು ತಾನಾಗಿ ತೆರೆದುಕೊಂಡು ಸ್ವಾಗತಿಸುತ್ತಿತ್ತು. ಲೈಸೆನ್ಸ್ ಆಫೀಸಿನ ಇನ್ಸ್‌ಪೆಕ್ಟರ್ ಸಾಹೇಬರೂ ಬಿಡಲಿಲ್ಲ. ಟೆಸ್ಟಿನಲ್ಲಿ ಫೇಲಾದವರ ಅಳು ನೋಡಲಾಗುವುದಿಲ್ಲ, ನೀವೇ ಹೇಳಿ ಕಳಿಸಿ ಎಂದು ಮೇಷ್ಟ್ರನ್ನು ಮೈದಾನದಲ್ಲಿ ನಿಲ್ಲಿಸಿದರು. ಅಂದು ಫೇಲಾದವರೆಲ್ಲ ಮರುದಿನದಿಂದ ಮೇಷ್ಟ್ರ ಕಾರಿನಲ್ಲಿ ಬಿಟ್ಟಿಯಾಗಿ ಕಲಿಯಲು ಬಂದರು.

ಇಷ್ಟಾದರೂ ಗಟ್ಟಿ ಮನುಷ್ಯ ಎಂಬ ಹೆಸರಿಗೆ ಒಂದು ಗೀರು ಬೀಳಲಿಲ್ಲ. ಯಾಕೆಂದರೆ ಪ್ರತಿಯೊಬ್ಬರೂ ತಮಗೆ ಮಾತ್ರ ಅವರು ಬಗ್ಗಿದರೆಂದು ತಿಳಿದಿದ್ದರು. “ಎಂಥಾ ಕಲ್ಲು ಮನಸ್ಸಿನ ಆಸಾಮಿ, ಆದ್ರೂ ನನ್ನ ತುತ್ತೂರಿ ಕೇಳಿ ಕರಗಿಹೋದ,” ಎಂದು ತಾತ ಹೇಳಿಕೊಂಡು ತಿರುಗಿದರು. ಎದುರುಮನೆಯಾಕೆಯ ಅಕ್ಕನೂ ತಮ್ಮ ಬೀರುವಿನ ಬಗ್ಗೆ ಅದನ್ನೇ ಹೇಳಿದರು.

ಈ ಮೋಸಕ್ಕೆ ಒಳಗಾಗದವರು ಮೇಷ್ಟ್ರ ಮನೆಯವರು ಮಾತ್ರ. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ನಾವೆಲ್ಲ ಸಿಸ್ಟರಮ್ಮ ಎನ್ನುತ್ತೇವೆ. ವಾರ್ಡಿನ ಬಾಗಿಲಲ್ಲಿ ನಿಂತು ‘ಟೈಮಾಯ್ತು, ಒಳಗೆ ಬಿಡಲ್ಲ’ ಎಂದರೆ ಎಂಥ ದೊಡ್ಡ ಮನುಷ್ಯನೂ ಹೂಗುಚ್ಛದ ಸಮೇತ ಹಿಂದೆ ತಿರುಗುತ್ತಾನೆ.

ಬೀರುವನ್ನು ಗೋಡೆಗೆ ಸರಿಸಲು ನನ್ನನ್ನು ಕರೆದ ಸಂಜೆ ಅವರ ಮನೆಯಲ್ಲೇ ಇದ್ದೆ. ಸಿಸ್ಟರಮ್ಮ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ಒಂದು ವಾರದಲ್ಲಿ ಭಾಷಣ. ಏನು ಹೇಳ್ತೀರಿ?”

“ನೀನೇ ಹೋಗಿ ಮಾತಾಡಬಾರ್ದಾ? ನಿಂಗೆ ಇಲ್ಲ ಅನ್ನೋಕೆ ಬರುತ್ತೆ.”

“ನಂದು ಯೂನಿಫಾರಂ ಹೇಳೋ ‘ಇಲ್ಲ’ ಕಣ್ರೀ. ಹಿಂದೆ ಆಸ್ಪತ್ರೆ ಇದೆ, ರೂಲ್ಸ್ ಇದೆ. ಮಕ್ಕಳು ಸ್ನೇಹಿತರ ಮಧ್ಯೆ ನಿಂತಾಗ ಹಿಂದೆ ಯಾರಿರ್ತಾರೆ? ಮೊನ್ನೆ ಒಬ್ಬ ಹುಡುಗನ್ನ ತಂದಿದ್ರು. ಬೆಳಿಗ್ಗೆವರೆಗೂ ಅವನ ಉಸಿರು ಎಣಿಸ್ತಾ ಕೂತಿದ್ದೆ. ಈ ಭಾಷಣ ಕೆಡಿಸಬೇಡಿ. ಕಲೀರಿ.” ಆಮೇಲೆ ಮಗಳನ್ನು ಕರೆದರು. “ಪುಟ್ಟಿ, ಬಾ. ಈ ಬಿಸ್ಕತ್ತಿನ ಡಬ್ಬಿ ಹಿಡ್ಕೋ. ಇದು ಮಾತ್ರೆ ಅಂದುಕೋ. ಅಪ್ಪನ್ನ ಒಪ್ಪಿಸು.”

ಪುಟ್ಟಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಡಬ್ಬಿ ತೆಗೆದುಕೊಂಡು ಅಪ್ಪನ ಪಕ್ಕ ಕೂತಳು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡರು.

“ತಗೊಳ್ಳಿ.”

“ಇಲ್ಲ.”

“ಒಂದೇ ಒಂದು. ಏನೂ ಆಗಲ್ಲ.”

“ಇಲ್ಲಮ್ಮ.”

“ಎಲ್ರೂ ತಗೊಂಡಿದ್ದಾರೆ. ನೀವೊಬ್ರೇ ಬಾಕಿ. ಹೆದರಿಕೇನಾ?” ಪುಟ್ಟಿಯ ದನಿ ಬದಲಾಯಿತು. “ಹೋಗ್ಲಿ ಬಿಡಿ. ನಮ್ಮನ್ನೆಲ್ಲ ಸ್ನೇಹಿತರು ಅಂದುಕೊಂಡಿದ್ದೀರಿ ಅಂದ್ಕೊಂಡಿದ್ದೆ. ಅರ್ಧ ತಗೊಳ್ಳಿ, ಇನ್ನರ್ಧ ನಾನು. ಇವತ್ತಾದ್ಮೇಲೆ ನಾನು ಕೇಳಲ್ಲ. ಪ್ರಾಮಿಸ್.”

ಮೇಷ್ಟ್ರು ಬಿಸ್ಕತ್ತು ತಿಂದಾಗಿತ್ತು. ನಾನು ನಗಲು ಬಾಯಿ ತೆರೆದೆ. ಸಿಸ್ಟರಮ್ಮ ನಗಲಿಲ್ಲ. ಸೌಟನ್ನು ಮೇಜಿನ ಮೇಲಿಟ್ಟರು.

“ಪುಟ್ಟಿ, ಇಷ್ಟು ಚೆನ್ನಾಗಿ ಕೇಳೋದು ಎಲ್ಲಿ ಕಲಿತೆ?”

ಪುಟ್ಟಿ ಡಬ್ಬಿಯ ಮುಚ್ಚಳವನ್ನು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

“ಹೀರೋ ಹೀಗೇ ಕೇಳ್ತಾನೆ. ನಮ್ಮ ಕ್ಲಾಸಿನವನು, ಎಲ್ರೂ ಅವನನ್ನ ಹಾಗೇ ಕರೆಯೋದು. ಅವನ ಗ್ಯಾಂಗಿನವರೂ ಕೇಳ್ತಾರೆ. ನನ್ನ ಜೊತೆ ಕೂರೋರೆಲ್ಲ ಈಗ ಅವರ ಜೊತೆಗೇ ಇದ್ದಾರೆ.”

“ನೀನೇನಂದೆ?”

“ನಾಳೆ ಅಂದೆ.”

“ನಾಳೆ ಅಂದ್ರೆ?”

“ಇಲ್ಲ ಅನ್ನೋಕೆ ಬರಲ್ಲಮ್ಮ ನಂಗೆ. ಅದಕ್ಕೆ ದಿನಾ ನಾಳೆ ಅಂತೀನಿ. ಈಗ ಅವನು ಅಪ್ಪನ ಭಾಷಣದ ದಿನವೇ ಕೊನೆ, ಅವತ್ತು ನಾಳೆ ಅನ್ನೋ ಹಾಗಿಲ್ಲ ಅಂದಿದ್ದಾನೆ.” ಆಮೇಲೆ ಅಪ್ಪನ ಕಡೆ ತಿರುಗಿದಳು. “ಅವತ್ತು ನೀವು ಎಲ್ಲರ ಮುಂದೆ ಇಲ್ಲ ಅಂತೀರಲ್ಲ ಅಪ್ಪ? ನೀವು ಅಂದ್ರೆ ನಾನೂ ಅಂತೀನಿ. ನಾವಿಬ್ರೂ ಒಂದೇ ಥರ ಅಲ್ವಾ.”

ಮೇಷ್ಟ್ರು ಕೆಮ್ಮಿದರು. ಬಿಸ್ಕತ್ತಿನ ಪುಡಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಬೀರುವಿನ ಬಾಗಿಲು ತಾನಾಗಿ ತೆರೆದುಕೊಂಡಿತು, ಅದನ್ನು ಮುಚ್ಚಲು ಯಾರೂ ಏಳಲಿಲ್ಲ.

“ಅಂತೀನಿ ಕಣಮ್ಮ,” ಎಂದರು ಅವರು. ಅವರು ಒಪ್ಪಿಕೊಂಡ ಸಾವಿರ ಕೆಲಸಗಳಲ್ಲಿ ಮನಸಾರೆ ಒಪ್ಪಿಕೊಂಡಿದ್ದು ಅದೊಂದನ್ನೇ ಎಂದು ಈಗಲೂ ನನ್ನ ನಂಬಿಕೆ.

ಆಮೇಲಿನ ದಿನಗಳಲ್ಲಿ ಆ ಮನುಷ್ಯ ಪಟ್ಟ ಪಾಡನ್ನು ಪ್ಲೈವುಡ್ ಗೋಡೆಯ ಈಚೆಯಿಂದ ನಾನು ಕೇಳಿದ್ದೇನೆ. “ಇಲ್ಲ.” “ಇಲ್ಲ ಕಣಪ್ಪ.” “ಇಲ್ಲ ಅಂದ್ರೆ ಇಲ್ಲ.” ಕನ್ನಡಿಗೆ ಹೇಳಿದರು, ಕ್ಯಾಲೆಂಡರಿಗೆ ಹೇಳಿದರು, ಕಾರಿನ ಸ್ಟಿಯರಿಂಗಿಗೆ ಹೇಳಿದರು. ಒಂದು ದಿನ ಫೋನು ಮಾಡಿದ ಯಾರೋ ‘ಇದು ಡ್ರೈವಿಂಗ್ ಸ್ಕೂಲಾ?’ ಎಂದು ಕೇಳಿದಾಗ ಅಭ್ಯಾಸಬಲದಿಂದ ‘ಇಲ್ಲ’ ಎಂದು ಇಟ್ಟುಬಿಟ್ಟರು. ಮರುಕ್ಷಣವೇ ಅವರಿಗೆ ಪಾಪ ಎನಿಸಿ, ತಿರುಗಿ ಫೋನು ಮಾಡಿ ಕ್ಷಮೆ ಕೇಳಿ, ಅವರ ಇಡೀ ಕುಟುಂಬಕ್ಕೆ ಕಾರು ಕಲಿಸಲು ಒಪ್ಪಿಕೊಂಡರು. ಆದರೂ ಬಿಡಲಿಲ್ಲ. ಇಷ್ಟು ಹಟ ಹಿಡಿದು ಬೇರೇನನ್ನಾದರೂ ಕಲಿತಿದ್ದರೆ ಅವರು ವಿಮಾನ ಓಡಿಸಬಹುದಿತ್ತು.

ಭಾಷಣದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಿಸ್ಟರಮ್ಮ, ತುತ್ತೂರಿ ತಾತ, ಎದುರುಮನೆಯಾಕೆ, ಇನ್ಸ್‌ಪೆಕ್ಟರ್ ಸಾಹೇಬರು, ನಾನು. ಪುಟ್ಟಿ ಮಕ್ಕಳ ಮಧ್ಯೆ ತುದಿಯ ಕುರ್ಚಿಯಲ್ಲಿದ್ದಳು.

“ಇವರು ಜೀವನದಲ್ಲಿ ಯಾರಿಗೂ ಬಗ್ಗಿದವರಲ್ಲ,” ಎಂದು ದೊಡ್ಡ ಮೇಡಂ ಪರಿಚಯ ಮಾಡಿಕೊಟ್ಟರು. ಮುಂದಿನ ಸಾಲಿನಲ್ಲಿದ್ದವರೆಲ್ಲ ತಮ್ಮನ್ನು ಬಿಟ್ಟು ಎಂದು ಒಳಗೊಳಗೇ ಸೇರಿಸಿಕೊಂಡು ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಎದ್ದು ನಿಂತರು. ದನಿ ಗಟ್ಟಿಯಾಗಿತ್ತು. “ಮಕ್ಕಳೇ, ನಾನು ಮಾತಾಡೋದಕ್ಕಿಂತ ಮಾಡಿ ತೋರಿಸ್ತೀನಿ. ಯಾರಾದ್ರೂ ಬನ್ನಿ. ಏನಾದ್ರೂ ಕೊಟ್ಟು ನನ್ನನ್ನ ಒಪ್ಪಿಸೋಕೆ ನೋಡಿ.”

ಎದ್ದು ಬಂದವನು ಹೀರೋ. ಕ್ರಾಪನ್ನು ಹಣೆಗೆ ಇಳಿಬಿಟ್ಟ ಸೊಗಸಾದ ಹುಡುಗ. ಜೇಬಿನಿಂದ ಅಂಗಡಿಯಲ್ಲಿ ಸಿಗುವ ಪೆಪ್ಪರ್‌ಮೆಂಟು ತೆಗೆದ.

“ತಗೊಳ್ಳಿ ಸಾರ್.”

“ಇಲ್ಲ.”

ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಮೇಷ್ಟ್ರು ಮಗಳ ಕಡೆ ನೋಡಿದರು. ಪುಟ್ಟಿ ನಕ್ಕಳು. ಕಾರ್ಯಕ್ರಮ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹೀರೋ ತಲೆ ತಗ್ಗಿಸಿ ನಿಂತ. ಅವನ ದನಿ ಮೈಕಿನಲ್ಲಿ ಮೆಲ್ಲಗೆ ಕೇಳಿಸಿತು.

“ಇಷ್ಟು ಜನರ ಮುಂದೆ ನಾನೊಬ್ನೇ ಎದ್ದು ಬಂದೆ ಸಾರ್. ಈಗ ಎಲ್ರೂ ನನ್ನನ್ನ ನೋಡಿ ನಗ್ತಾರೆ. ಪರವಾಗಿಲ್ಲ ಬಿಡಿ.”

ಮೇಷ್ಟ್ರ ಗದ್ದ ಮೆತ್ತಗಾಗುವುದನ್ನು ನಾನು ಕಣ್ಣಾರೆ ಕಂಡೆ. ನನ್ನ ಪಕ್ಕದಲ್ಲಿ ಸಿಸ್ಟರಮ್ಮ “ಬೇಡ” ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಪೆಪ್ಪರ್‌ಮೆಂಟು ಮೇಷ್ಟ್ರ ಬಾಯಲ್ಲಿತ್ತು.

“ಒಂದು ತಗೊಂಡ್ಮೇಲೆ ಇನ್ನೊಂದರಲ್ಲೇನಿದೆ ಸಾರ್?” ಎರಡನೆಯದೂ ಹೋಯಿತು. “ನಿಮ್ಮ ಕಾರು ಹೊರಗಡೆ ನಿಂತಿದೆಯಲ್ಲ. ನಂಗೆ ಕಾರು ಅಂದ್ರೆ ಪ್ರಾಣ. ಸುಮ್ನೆ ಕೂತು ನೋಡ್ತೀನಿ, ಓಡಿಸಲ್ಲ. ಕೀ ಕೊಡಿ. ನನ್ನ ಮೇಲೆ ನಂಬಿಕೆ ಇಲ್ವಾ?”

ಮೇಷ್ಟ್ರ ಕಾಲು ವೇದಿಕೆಯ ಹಲಗೆಯನ್ನು ದಡದಡ ಒತ್ತಿತು. ಪಾಪ, ಅದು ತನ್ನ ಕೈಲಾದಷ್ಟು ಮಾಡಿತು. ಆದರೆ ಕೈ ಜೇಬಿಗೆ ಹೋಗಿ ಕೀಯನ್ನು ತೆಗೆದು ಹುಡುಗನ ಅಂಗೈಗೆ ಹಾಕಿತು.

“ನೋಡಿದ್ರಾ ಮಕ್ಕಳೇ,” ದೊಡ್ಡ ಮೇಡಂ ಮೈಕು ಕಿತ್ತುಕೊಂಡು ಹರ್ಷದಿಂದ ಹೇಳಿದರು. “ಒಂದು ಸಲ ಒಪ್ಕೊಂಡ್ರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಎಷ್ಟು ಸಹಜವಾಗಿ ನಟಿಸಿ ತೋರಿಸಿದ್ರು. ಇವರ ಜಾಗದಲ್ಲಿ ದುರ್ಬಲ ಮನಸ್ಸಿನವರು ಇದ್ದಿದ್ರೆ ನಿಜಕ್ಕೂ ಕೊಟ್ಟುಬಿಡ್ತಿದ್ರು.”

ಮತ್ತೆ ಚಪ್ಪಾಳೆ. ಇನ್ಸ್‌ಪೆಕ್ಟರ್ ಸಾಹೇಬರು ಕಣ್ಣೊರೆಸಿಕೊಂಡರು. ಅದು ನಟನೆಯಲ್ಲ ಎಂದು ಆ ಸಭೆಯಲ್ಲಿ ಗೊತ್ತಿದ್ದವರು ಮೇಷ್ಟ್ರನ್ನು ಬಿಟ್ಟರೆ ಸಿಸ್ಟರಮ್ಮ, ಪುಟ್ಟಿ, ನಾನು, ಮೂರೇ ಜನ. ಅವರಲ್ಲಿ ಪುಟ್ಟಿಯ ಕುರ್ಚಿ ಖಾಲಿಯಾಗಿತ್ತು. ಹೀರೋ ಕೂಡ ಪಕ್ಕದ ಬಾಗಿಲಿನಿಂದ ಹೊರಗೆ ಹೋಗಿದ್ದ.

ಸಿಸ್ಟರಮ್ಮ ಎದ್ದು ಓಡಿದರು. ಮೇಷ್ಟ್ರು ವೇದಿಕೆಯಿಂದ ಹಾರಿದರು. ನಾನು ಹಿಂದೆ ಓಡಿದೆ. ಕಾರ್ಯಕ್ರಮದ ಮುಂದಿನ ಭಾಗ ಹೊರಗಡೆ ಇದೆಯೆಂದು ತಿಳಿದು ಇಡೀ ಸಭೆ ನಮ್ಮ ಹಿಂದೆ ಬಂದಿತು.

ಶಾಲೆಯ ಅಂಗಳದಲ್ಲಿ, ಗೇಟಿನ ಕಡೆ ಮುಖ ಮಾಡಿ ಮೇಷ್ಟ್ರ ಕಾರು ನಿಂತಿತ್ತು. ಕಲಿಯುವವರ ಸೀಟಿನಲ್ಲಿ ಹೀರೋ, ಹಿಂದೆ ಅವನ ಗ್ಯಾಂಗಿನ ಇಬ್ಬರು. ಮೇಷ್ಟ್ರ ಸೀಟಿನಲ್ಲಿ ಪುಟ್ಟಿ. ಅವಳು ಕೀ ಕಿತ್ತುಕೊಳ್ಳಲೆಂದು ಹತ್ತಿದ್ದಳು, ಅಷ್ಟರಲ್ಲಿ ಹೀರೋ ಕಾರು ಶುರು ಮಾಡಿದ್ದ. ಗೇಟಿನಾಚೆ ಬಸ್ಸು, ಲಾರಿಗಳು ಓಡಾಡುವ ದೊಡ್ಡ ರಸ್ತೆ.

ಕಾರು ಒಮ್ಮೆ ಜಿಗಿದು ನಿಂತಿತು. ಎಂಜಿನ್ ಆರಿತು. ಹೀರೋ ಮತ್ತೆ ಶುರು ಮಾಡಿದ. ಮತ್ತೆ ಜಿಗಿದು ಆರಿತು. ಕಿಟಕಿ ತೆರೆದಿತ್ತು. ಒಳಗಿನ ಮಾತು ನಮಗೆಲ್ಲ ಕೇಳುತ್ತಿತ್ತು.

“ಬ್ರೇಕಿಂದ ಕಾಲು ತೆಗಿ.”

“ಇಲ್ಲ.”

ಹೀರೋ ಡಬ್ಬಿಯೊಂದನ್ನು ಚಾಚಿದ. ಅದರಲ್ಲಿದ್ದದ್ದು ಪೆಪ್ಪರ್‌ಮೆಂಟಲ್ಲ. “ಇದನ್ನಾದ್ರೂ ತಗೋ. ಧೈರ್ಯ ಬರುತ್ತೆ. ನಾನು ಆಗ್ಲೇ ತಗೊಂಡಿದ್ದೀನಿ.”

“ಇಲ್ಲ.”

“ಹೆದರಿಕೇನಾ?”

“ಹೂಂ. ಹೆದರಿಕೆ.”

ಹೆದರಿಕೆ ಎಂದು ಒಪ್ಪಿಕೊಂಡವರನ್ನು ಹೀರೋ ಅದುವರೆಗೆ ಕಂಡಿರಲಿಲ್ಲ.

“ಎಲ್ರೂ ನಿನ್ನನ್ನ ಬಿಟ್ಟುಬಿಡ್ತೀವಿ. ನಾಳೆಯಿಂದ ಯಾರೂ ಮಾತಾಡ್ಸಲ್ಲ.”

“ಗೊತ್ತು,” ಎಂದಳು ಪುಟ್ಟಿ. ದನಿ ಒಡೆದಿತ್ತು, ಕಾಲು ಮಾತ್ರ ಅಲ್ಲೇ ಇತ್ತು. “ಈಗ ನನ್ನ ಮೇಲೆ ನಂಬಿಕೆ ಇಲ್ವಾ ಅಂತ ಕೇಳು. ಆಮೇಲೆ ಇದೇ ಕೊನೆ ಅನ್ನು. ನಿಂಗೆ ಬರೋ ಮಾತೆಲ್ಲ ನಂಗೆ ಗೊತ್ತು. ನಮ್ಮಪ್ಪನ ಹತ್ರ ಇಡೀ ಊರು ಇದನ್ನೇ ಹೇಳುತ್ತೆ. ತುತ್ತೂರಿ ತಾತ ಹೇಳಿದ್ದು, ಬೀರು ಕೊಟ್ಟವರು ಹೇಳಿದ್ದು ಎಲ್ಲ ಇದೇ ಮಾತು. ದಿನಾ ನೋಡ್ತೀನಿ.”

ಗುಂಪಿನಲ್ಲಿ ತುತ್ತೂರಿ ತಾತ ಯಾಕೋ ತಮ್ಮ ಚಪ್ಪಲಿ ನೋಡಿಕೊಂಡರು. ನನಗೂ ನನ್ನ ಚಪ್ಪಲಿಯ ಕಡೆ ಸ್ವಲ್ಪ ಕೆಲಸವಿತ್ತು.

ಹೀರೋ ಕಿಟಕಿಯ ಬಳಿ ನಿಂತ ಮೇಷ್ಟ್ರನ್ನು ನೋಡಿದ. ಅವನ ಹಣೆಯಲ್ಲಿ ಬೆವರಿತ್ತು, ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. “ಸಾರ್, ನೀವೇ ಕೀ ಕೊಟ್ರಲ್ಲ. ಇವಳಿಗೆ ಹೇಳಿ ಸಾರ್. ಒಂದೇ ರೌಂಡು. ಪ್ಲೀಸ್ ಸಾರ್. ನೀವು ಒಳ್ಳೆಯವರು.”

ಗಟ್ಟಿ ಮನುಷ್ಯ ಈಗ ಏನು ಹೇಳುತ್ತಾರೆಂದು ಜನ ಕಾಯುತ್ತಿದ್ದರೆ, ಮೆತ್ತನೆಯ ಮನುಷ್ಯ ಏನು ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. ಮೇಷ್ಟ್ರ ಬಲಗಾಲು ಎದ್ದು ನೆಲದ ಮೇಲೆ ಬಿತ್ತು, ಮಣ್ಣು ಹಾರಿತು. ಅವರ ಬಾಯಿ ತೆರೆಯಿತು.

“ಇಲ್ಲ,” ಎಂದರು. “ಕೀ ಕೊಟ್ಟಿದ್ದು ನನ್ನ ತಪ್ಪು. ಈಗ ವಾಪಸ್ ತಗೋತೀನಿ. ನಾನು ಒಳ್ಳೆಯವನಲ್ಲ ಅಂದ್ಕೊಂಡ್ರೂ ಪರವಾಗಿಲ್ಲ. ಇಲ್ಲ.”

ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ಎಳೆದುಕೊಂಡರು.

“ಇನ್ನು ಕಾಲು ತೆಗಿ ಮಗಳೇ.”

“ಕೀ ಸಿಕ್ತಾ ಅಪ್ಪ?”

“ಸಿಕ್ತು.”

ಆಗ ಪುಟ್ಟಿ ಕಾಲು ತೆಗೆದಳು. ಕಾರಿನಿಂದ ಇಳಿದು ಅಪ್ಪನನ್ನು ಹಿಡಿದುಕೊಂಡು ನಿಂತಳು. ಮೇಷ್ಟ್ರು ಅತ್ತರು. ನಾನೂ ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಿಸ್ಟರಮ್ಮ ಅಳಲಿಲ್ಲ, ಅವರಿಗೆ ಕೆಲಸವಿತ್ತು. ಹೀರೋನ ಕಣ್ಣುರೆಪ್ಪೆ ಬಿಡಿಸಿ ನೋಡಿದರು, ನಾಡಿ ಹಿಡಿದರು, ಡಬ್ಬಿಯನ್ನು ಕಿತ್ತುಕೊಂಡರು. “ಗಾಡಿ ತೆಗೀರಿ, ಆಸ್ಪತ್ರೆಗೆ,” ಎಂದರು. ಹಿಂದಿನ ಸೀಟಿನ ಇಬ್ಬರನ್ನು ಇಳಿಸಿ ದೊಡ್ಡ ಮೇಡಂ ಕೈಗೆ ಒಪ್ಪಿಸಿದರು. ಅದೇ ಕಾರಿನಲ್ಲಿ ಮೇಷ್ಟ್ರು ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ಒಂದು ಬ್ರೇಕೂ ಹಾಕಲಿಲ್ಲವೆಂದು ಸಿಸ್ಟರಮ್ಮ ಆಮೇಲೆ ದೂರಿದರು.

ಹುಡುಗ ಕೆಲವು ದಿನ ವಾರ್ಡಿನಲ್ಲಿದ್ದ. ನೋಡಲು ಹೋದ ಮೇಷ್ಟ್ರನ್ನು ಹೆಂಡತಿಯೇ ‘ಟೈಮಾಗಿಲ್ಲ’ ಎಂದು ಬಾಗಿಲಲ್ಲಿ ನಿಲ್ಲಿಸಿದರು. ಸಂಜೆಯವರೆಗೆ ಬೆಂಚಿನ ಮೇಲೆ ಕಾದು ಒಳಗೆ ಹೋದರು.

“ನಂಗೂ ಮೊದ್ಲು ಬೇಡವೇ ಆಗಿತ್ತು ಸಾರ್,” ಎಂದನಂತೆ ಹುಡುಗ ಗೋಡೆಯ ಕಡೆ ತಿರುಗಿ. “ಕಾಲೇಜಿನ ಹುಡುಗರು ತಗೋ ಅಂದ್ರು. ಬೇಡ ಅನ್ನೋಕೆ ಬಾಯಿ ಬರಲಿಲ್ಲ. ನಾನೊಬ್ನೇ ಯಾಕೆ ಅಂತ ಆಮೇಲೆ ಉಳಿದವರನ್ನೂ ಕರೆದೆ.”

“ನೀನೂ ನನ್ನ ಪೈಕಿಯವನೇ ಕಣೋ,” ಎಂದರಂತೆ ಮೇಷ್ಟ್ರು. “ಕಲೀಬಹುದು. ಕಾರಿಗಿಂತ ಕಷ್ಟ. ಆದ್ರೆ ಈ ವಯಸ್ಸಲ್ಲಿ ನಾನೇ ಕಲ್ತೆ ನೋಡು.”

ದೊಡ್ಡ ಮೇಡಂ ಎಲ್ಲ ಶಾಲೆಗಳಲ್ಲೂ ಮೇಷ್ಟ್ರ ಭಾಷಣ ಏರ್ಪಡಿಸಲು ಓಡೋಡಿ ಬಂದರು. ಮೇಷ್ಟ್ರು “ಇಲ್ಲ ಮೇಡಂ” ಎಂದರು. ದೊಡ್ಡ ಮೇಡಂ “ಸರಿ” ಎಂದರು. ಅಷ್ಟೇ. ಮೇಷ್ಟ್ರು ಬಹಳ ಹೊತ್ತು ಸೂರನ್ನು ನೋಡುತ್ತಾ ಕೂತಿದ್ದರು, ಅದು ಬೀಳಲಿಲ್ಲ. ಆಮೇಲೆ ತಾವೇ ಹೇಳಿದರು: “ಭಾಷಣ ಬೇಡ. ಅಭ್ಯಾಸ ಮಾಡಿಸ್ತೀನಿ. ಕಾರು ಭಾಷಣ ಕೇಳಿ ಬರಲ್ಲ.” ಈಗ ವಾರಕ್ಕೊಮ್ಮೆ ಶಾಲೆಯ ಸಭಾಂಗಣದಲ್ಲಿ ಮಕ್ಕಳು ಎದುರುಬದುರು ಕೂತು ಒಬ್ಬರು ಕಾಡುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ, ಆಮೇಲೆ ಜಾಗ ಬದಲಾಯಿಸುತ್ತಾರೆ. ಕಾಡುವವರ ಪಾಠ ಪುಟ್ಟಿಯದು. ಮೊದಮೊದಲು ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅವಳು ಒಬ್ಬಳೇ ಕೂತಳು, ಆದರೂ ಹೋದಳು. ಈಗ ಒಬ್ಬೊಬ್ಬರಾಗಿ ವಾಪಸ್ ಬರುತ್ತಿದ್ದಾರೆ.

ಬೇಡವೆಂದು ತಾವೇ ಹೇಳಿಕೊಳ್ಳಲಿ ಎಂದು ಮೇಷ್ಟ್ರು ಬೀರುವನ್ನು ಎದುರುಮನೆಗೆ ಕಳಿಸಿದರು. ತುತ್ತೂರಿಯೂ ವಾಪಸ್ ಹೋಗುತ್ತದೆಂದು ನಾನು ಕಾದೆ. ಹೋಗಲಿಲ್ಲ.

“ಮೇಷ್ಟ್ರೇ, ಇನ್ನು ಊದೋದು ನಿಲ್ಲಿಸಿ,” ಎಂದೆ.

“ಇಲ್ಲ,” ಎಂದರು ಅವರು, ನನ್ನ ಮುಖ ನೋಡಿ, ಒಂದಿಷ್ಟೂ ಅಳುಕದೆ. “ನಂಗೆ ಈಗ ಇಷ್ಟ ಆಗಿದೆ. ಹುಡುಗನೂ ಬರ್ತಿದ್ದಾನೆ. ಆಸ್ಪತ್ರೆಯವರು ಏನಾದ್ರೂ ಹವ್ಯಾಸ ಹಿಡಿಸಿ ಅಂದ್ರು.”

ಅಂದಿನಿಂದ ತುತ್ತೂರಿ ಮೂರಾದವು. ಕೊನೆಗೆ ನಾನೇ ಟೊಂಕ ಕಟ್ಟಿದೆ. ಇಷ್ಟೆಲ್ಲ ಕಣ್ಣಾರೆ ಕಂಡವನು, ಇಲ್ಲ ಎನ್ನುವುದರ ಒಳಗುಟ್ಟೆಲ್ಲ ತಿಳಿದವನು, ಖಡಾಖಂಡಿತವಾಗಿ ಹೇಳಿಯೇ ಬರುತ್ತೇನೆಂದು ಮೆಟ್ಟಿಲು ಹತ್ತಿದೆ. ತಾತ ಟೀ ಕೊಟ್ಟರು. ಮೂವರು ಊದುವವರಿದ್ದರೂ ತಾಳ ಹಿಡಿಯುವವರಿಲ್ಲ ಎಂದು ನಿಟ್ಟುಸಿರಿಟ್ಟರು. ನಿಮ್ಮ ಕೈ ನೋಡಿದರೇ ಗೊತ್ತಾಗುತ್ತದೆ, ತಾಳಕ್ಕೆಂದೇ ಮಾಡಿದ ಕೈ ಎಂದರು.

ತಾಳದ ಜೋಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಅಪ್ಪನಿಗೆ ತಿಂಡಿ ತಂದ ಪುಟ್ಟಿ ಸಿಕ್ಕಳು. ನಕ್ಕಳು. ನಾನು ಮಾನ ಉಳಿಸಿಕೊಳ್ಳಲು ಮಾತು ತಿರುಗಿಸಿದೆ.

“ಪುಟ್ಟಿ, ಡ್ರಮ್ಮಿಗೆ ಒಬ್ಬರು ಬೇಕಂತೆ. ತಾತ ಪಾಪ ತುಂಬಾ ಆಸೆ ಇಟ್ಕೊಂಡಿದ್ದಾರೆ. ನಿಮ್ಮಪ್ಪ ಇದ್ದಾರೆ, ಹೀರೋ ಇದ್ದಾನೆ, ನಾನೂ ಇದ್ದೀನಿ. ನೀನೊಬ್ಬಳೇ ಬಾಕಿ. ಸುಮ್ನೆ ಒಂದು ದಿನ ಬಾ.”

ಪುಟ್ಟಿ ನನ್ನ ಮಾತನ್ನು ಪೂರ್ತಿ ಕೇಳಿದಳು. ಒಂದೊಂದು ವಾಕ್ಯಕ್ಕೂ ಒಂದೊಂದು ಬೆರಳು ಮಡಚುತ್ತಿದ್ದಳೆಂದು ಆಮೇಲೆ ಗಮನಕ್ಕೆ ಬಂತು.

“ಇಲ್ಲ ಅಂಕಲ್,” ಎಂದಳು, ಮತ್ತು ಶಾಲೆಗೆ ಹೋದಳು.